ಸಿಂಗಾಪುರ-ಮಲೇಷ್ಯಾದ 3,400 ಫೋಟು, ಗೂಗಲ್ ಫೋಟೋಸ್ ಮತ್ತ ನಮ್ಮ ಮನಿ ಮಂದಿ

ಮೊದಲೇ ಹೇಳ್ಬಿಡ್ತೀನ್ರಿ, ಗೂಗಲ್ ಫೋಟೋಸ್ ಆಪಿಗಿ ಐದರಾಗ ನಾಕ್ ಸ್ಟಾರ್. ಒಂದ್ ಸ್ಟಾರ್ ಯಾಕ ಕಟ್ ಮಾಡೀನಿ ಅನ್ನೋದು ಮುಂದ ಬರ್ತದ. ಆಪ್ ಫ್ರೀ ಅದ ಅಂತ ಎಲ್ಲಾರೂ ಹಾಕ್ಕೊಂಡಿರ್ತಾರ, ಫೋನ್ ತಗೊಂಡಾಗೇ ಒಳಗ ಕುಂತಿರ್ತದ, ಆದ್ರ ಒಂದ್ ದೊಡ್ಡ ಟೂರ್ ಹೋಗಿ ಬಂದು ನಾಕ್ ಮನಿಗಿ ಫೋಟು ಹಂಚಬೇಕು ಅಂದಾಗೇ ಇದರ ಖರೇ ರೂಪ ಗೊತ್ತಾಗೋದು.

ದಸರಾ ಸೂಟಿಗಿ ಏಳ್ ಮಂದಿ ಹೋಗಿದ್ವಿ. ನಾನು, ನಮ್ಮ ಮನಿಯಾಕಿ, ಮಗಳು, ಅವ್ವ, ಅಕ್ಕ, ಮಾಮಾ, ಮತ್ತ ಅಳಿಯ. ಕಲಬುರಗಿಯಿಂದ ಹೈದರಾಬಾದಿಗಿ ರೈಲು, ಅಲ್ಲಿಂದ ವಿಮಾನ. ಬ್ಯಾಗಿನಾಗ ಅರ್ಧ ಬಟ್ಟಿ, ಅರ್ಧ ಖಡಕ್ ರೊಟ್ಟಿ ಶೇಂಗಾ ಹಿಂಡಿ. ಟೂರ್ ಬಗ್ಗೆ ಬರ್ಯಂಗಿಲ್ಲ ಈಗ, ಅದು ಬ್ಯಾರೆ ಪುರಾಣ. ಬಂದ ಮ್ಯಾಲಿನ ಕತಿ ಕೇಳ್ರಿ. ನನ್ನ ಫೋನಿನಾಗ 820 ಫೋಟು, ಮನಿಯಾಕಿ ಫೋನಿನಾಗ 640, ಅಕ್ಕಂದ್ರಾಗ 510, ಅಳಿಯನ ಕ್ಯಾಮೆರಾದಾಗ 1,430. ಮಾಮಾಂದು ಐಫೋನು, ಅದರ ಲೆಕ್ಕ ಇದ್ರಾಗ ಹಿಡಿದಿಲ್ಲ, ಕಾರಣ ಕಡೀಗಿ ಹೇಳ್ತೀನಿ.

ಮೊದಲ ಎಲ್ಲಾರೂ ಮಾಡೂ ಕೆಲಸಾನೇ ನಾವೂ ಮಾಡಿದ್ವಿ, ವಾಟ್ಸಪ್ ಗ್ರೂಪಿಗಿ ಸುರುವಿದ್ವಿ. ನೂರು, ಮತ್ತ ನೂರು, ಮತ್ತ ನೂರು. ಚಿತ್ತಾಪುರದ ಕಾಕಾಗ ಫೋನ್ ಹ್ಯಾಂಗ್ ಆಗಿ ಅಂವ ಫೋನ್ ಹಚ್ಚಿ "ತಮ್ಮಾ, ಏನ್ ಕಳ್ಸಿಯೋ, ನನ್ನ ಫೋನ್ ಏಳ್ವಲ್ದು" ಅಂದ. ಅಕ್ಕ ಅದರಾಗಿಂದೇ ಒಂದ್ ಫೋಟು ಡೌನ್‌ಲೋಡ್ ಮಾಡ್ಕೊಂಡು ಸೂಪರ್ ಮಾರ್ಕೆಟ್ ಕಡಿ ಸ್ಟುಡಿಯೋದಾಗ 12×18 ಫ್ರೇಮ್ ಮಾಡ್ಸಕ್ಕ ಕೊಟ್ಳು. ಸ್ಟುಡಿಯೋದಾಂವ ಕಂಪ್ಯೂಟರ್ ಮ್ಯಾಲೆ ದೊಡ್ಡದ್ ಮಾಡಿ ತೋರ್ಸಿ, "ಅಕ್ಕೋರೆ, ಇದು ವಾಟ್ಸಪ್ ಫೋಟು ಅದ, ಒರಿಜಿನಲ್ ತರ್ರಿ" ಅಂದಾನ. ಅಂವ ಅಂದದ್ದು ಬರೋಬರಿ ಅದ. ಸಾದಾ ಕಳ್ಸಿದ್ರ ಉದ್ದನ ಕಡಿ 1,600 ಪಿಕ್ಸೆಲ್‌ಗಿ ಇಳಿಸಿ ಕಳಿಸ್ತದ, 4×6 ಪ್ರಿಂಟಿಗಿ ನಡೀತದ, ಆದ್ರ 18 ಇಂಚಿಗಿ ಎಳೆದ್ರ ಇಂಚಿಗಿ 90 ಪಿಕ್ಸೆಲ್ ಸೈತ ಬರಲ್ಲ, ಮಾರಿ ಎಲ್ಲಾ ಎಣ್ಣಿ ಹಚ್ಚಿ ಒರಸಿದಂಗ ಆಗ್ತದ. ತಪ್ಪು ವಾಟ್ಸಪ್ಪಿಂದಲ್ಲ, 2023ರಿಂದ ಅದ್ರಾಗ ಎಚ್‌ಡಿ ಗುಂಡಿ ಅದ, ಡಾಕ್ಯುಮೆಂಟ್ ಮಾಡಿ ಕಳ್ಸಿದ್ರ ಇದ್ದಂಗೇ ಹೋಗ್ತದ, ನಾವೇ ಒತ್ತಿಲ್ಲ.

ಅವಾಗ ಗೂಗಲ್ ಫೋಟೋಸ್‌ನಾಗ ಒಂದ್ ಶೇರ್ಡ್ ಆಲ್ಬಮ್ ಮಾಡ್ದೆ. ಇಲ್ಲಿ ಒಂದ್ ಮಾತ್ ಭಾಳ ಮಂದಿಗಿ ಗೊತ್ತಿಲ್ಲ. ಒಬ್ಬೊಬ್ಬರಿಗಿ 15 ಜಿಬಿ ಫ್ರೀ ಅದ, ಆದ್ರ ಅದು ಬರೇ ಫೋಟೋಗಲ್ಲ, ಜಿಮೇಲ್ ಮತ್ತ ಡ್ರೈವ್ ಸೇರಿ 15. ನಂದು ಹಳೇ ಜಿಮೇಲು, ಹದಿನೈದ್ ವರ್ಷದ ಅಟ್ಯಾಚ್‌ಮೆಂಟ್ ಎಲ್ಲಾ ತಿಂದು 9 ಜಿಬಿ ಖಲಾಸ್ ಆಗಿತ್ತು. ಆದ್ರ ಶೇರ್ಡ್ ಆಲ್ಬಮಿನಾಗ ಯಾರ್ ಅಪ್ಲೋಡ್ ಮಾಡ್ತಾರ ಅವರ ಲೆಕ್ಕದಾಗೇ ಜಾಗ ಹೋಗ್ತದ. ಹಂಗಾಗಿ ಎಲ್ಲಾರ ಫೋಟು ನಾನೊಬ್ಬನೇ ತಗೊಂಡು ಏರ್ಸೂ ಬದ್ಲಿ, ಆಲ್ಬಮಿಗಿ ಎಲ್ಲಾರಿಗಿ ಸೇರ್ಸಿ "ನಿಮ್ ನಿಮ್ದು ನೀವೇ ಹಾಕ್ರಿ" ಅಂದೆ. ಅಳಿಯಂದು ಹೊಸ ಜಿಮೇಲು, ಅವನ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟು ಒಂದೊಂದು 8 ಎಂಬಿ, ಎಲ್ಲಾ ಸೇರಿ 11 ಜಿಬಿ ಚಿಲ್ರೆ, ಅವನ 15ರಾಗೇ ಕುಂತವು. ರಾತ್ರಿ ಹಚ್ಚಿಟ್ಟು ಮಲ್ಕೊಂಡ, ನಡುವ ಕರೆಂಟ್ ಹೋಗಿ ಬಂದ್ರೂ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರದಿತ್ತು.

ಸ್ಟೋರೇಜ್ ಸೇವರ್ ಅಂತ ಒಂದ್ ಆಯ್ಕೆ ಅದ, ಅದು 16 ಮೆಗಾಪಿಕ್ಸೆಲ್ ಮ್ಯಾಲಿನ ಫೋಟು 16ಕ್ಕ ಇಳಿಸ್ತದ, ವಿಡಿಯೋ 1080ಪಿಗಿ. ಮನಿ ಮಂದಿಗಿ ಅಷ್ಟ್ ಸಾಕು, ನಾನೂ ನಮ್ಮ ಮನಿಯಾಕಿನೂ ಅದ್ರಾಗೇ ಹಾಕಿದ್ವಿ. ಮೊದಲ ಹಂಗ ಹಾಕಿದ್ದು ಲೆಕ್ಕಕ್ಕೇ ಬರ್ತಿರ್ಲಿಲ್ಲ, ಎಷ್ಟ್ ಬೇಕಾದ್ರೂ ಹಾಕ್ರಿ ಅಂತಿದ್ರು, 2021 ಜೂನ್ 1ರಿಂದ ಅದು ಬಂದ್ ಆಯ್ತು. ರೂಢಿ ಹಚ್ಚಿ ಆಮ್ಯಾಲ ರೊಕ್ಕ ಕೇಳೋದು. ಕಟ್ ಮಾಡಿದ್ ಒಂದ್ ಸ್ಟಾರು ಇದಕ್ಕೇ. ಕಡೀಗಿ ನಾನೂ 100 ಜಿಬಿ ಪ್ಲಾನ್ ತಗೊಂಡೆ, ತಗೊಂಡಾಗ ತಿಂಗಳಿಗಿ 130 ರೂಪಾಯಿ ಇತ್ತು, ನಾಕ್ ಮಂದಿ ಹೋಟೆಲ್‌ನಾಗ ಕುಂತ್ ಸುಸ್ಲಾ ಮಿರ್ಚಿ ಭಜಿ ಚಾ ಕುಡದ್ರ ಅಷ್ಟ್ ಆಗೇ ಆಗ್ತದ, ಆದ್ರೂ ಪ್ರತಿ ತಿಂಗಳು ಕಟ್ಟಾದಾಗ ಹೊಟ್ಟಿ ಉರೀತದ್ರಿ.

ಈಗ ಖರೇ ತ್ರಾಸಿಗಿ ಬರ್ತೀನಿ. ಆಲ್ಬಮ್ ತೆಗ್ದು ನೋಡಿದ್ರ ಎಲ್ಲಾ ಕಲಸುಮೇಲೋಗರ. ಮಧ್ಯಾಹ್ನ ಬಿಸಿಲಿನಾಗ ನಮ್ಮ ಮಗಳು ಐಸ್‌ಕ್ರೀಮ್ ತಿನ್ಲಕತ್ತಾಳ, ಅದರ ಮುಂದಿನ ಫೋಟು ನೋಡಿದ್ರ ಕಗ್ಗತ್ತಲು, ಸಿಂಗಾಪುರದ ಗಾರ್ಡನ್ಸ್ ಬೈ ದ ಬೇ ತೋಟದ ಒಳಗಿನ ಆ ದೊಡ್ಡ ದೊಡ್ಡ ಲೈಟಿನ ಗಿಡ, ಅದರ ಮುಂದಿನ ಫೋಟು ಮತ್ತ ಬಿಸಿಲು, ಮತ್ತ ಐಸ್‌ಕ್ರೀಮ್. ಅವ್ವ ನೋಡಿ "ಅಲ್ಲಿ ಹಗಲು ರಾತ್ರಿ ಹಿಂಗ್ಯಾನು ಇತ್ತೇನಪ್ಪಾ, ನನಗ ಖಬರೇ ಇಲ್ಲ" ಅಂದ್ಳು. ಆ ಲೈಟ್ ಶೋ ದಿನಾ ರಾತ್ರಿ 7.45ಕ್ಕ ಒಂದು, 8.45ಕ್ಕ ಒಂದು ಇರ್ತದ, ನಾವ್ ನೋಡಿದ್ದು ಮೊದಲಿಂದು. ಫೋಟೋದ ಡೀಟೇಲ್ಸ್ ತೆಗ್ದು ನೋಡಿದ್ರ ಟೈಮ್ 5.15 ಅಂತ ಅದ! ಅಲ್ಲಿ 5.15ಕ್ಕ ಬಿಸಿಲು ಹೊಡೀತಿರ್ತದ, ಸೂರ್ಯ ಮುಳುಗೋದೇ ಏಳರ ಸುತ್ತಮುತ್ತ. ಆಮ್ಯಾಲ ತಲಿಗಿ ಹೊಳೀತು. ಸಿಂಗಾಪುರ ನಮಕಿಂತ ಎರಡೂವರಿ ತಾಸ್ ಮುಂದ. ಫೋನ್‌ಗೋಳು ವಿಮಾನ ಇಳಿದ ಕೂಡ್ಲೆ ತಾವೇ ಟೈಮ್ ಬದಲಿ ಮಾಡ್ಕೊಂಡಿದ್ವು, ಕ್ಯಾಮೆರಾ ಪಾಪ ಏಳೂ ದಿನ ಕಲಬುರಗಿ ಟೈಮಿನಾಗೇ ತಿರುಗ್ಯದ.

1,430 ಫೋಟು ಒಂದೊಂದೇ ಯಾರ್ ತಿದ್ದಬೇಕು ಅಂತ ತಲಿ ಮ್ಯಾಲೆ ಕೈ ಇಟ್ಕೊಂಡಿದ್ದೆ. ಇಲ್ಲಿ ಈ ಆಪಿಗಿ ಶಹಬ್ಬಾಸ್ ಅನ್ನಬೇಕು. ಕಂಪ್ಯೂಟರ್‌ನಾಗ ಫೋಟೋಸ್ ವೆಬ್‌ಸೈಟ್ ತೆಗ್ದು ಕ್ಯಾಮೆರಾದ ಫೋಟು ಎಲ್ಲಾ ಆರಿಸಿ ಮೂರ್ ಚುಕ್ಕಿ ಒತ್ತಿ ಎಡಿಟ್ ಡೇಟ್ ಆಂಡ್ ಟೈಮ್‌ಗಿ ಹೋದ್ರ ಎರಡ್ ದಾರಿ ಕೇಳ್ತದ, ಎಲ್ಲಾಕ್ಕೂ ಒಂದೇ ಟೈಮ್ ಹಾಕ್ಬೇಕಾ, ಇಲ್ಲಾ ಎಲ್ಲಾ ಸರಿಸಬೇಕಾ ಅಂತ. ಸರಿಸೋದು ಒತ್ತಿ ಮೊದಲಿನ ಫೋಟೋದ ಟೈಮ್ ಎರಡೂವರಿ ತಾಸ್ ಮುಂದ ಮಾಡಿದ್ರ ಉಳಿದವು ಎಲ್ಲಾ ತಾವೇ ಅಷ್ಟೇ ಮುಂದ ಹೋಗ್ತವ. ಫೋಟು ಅಳಿಯನ ಅಕೌಂಟಿನಾಗ ಇದ್ವು ಅಂತ ಅವನ ಲಾಗಿನ್ನಾಗೇ ಮಾಡ್ದೆ. ಮಾಡಿ ಆಲ್ಬಮ್ ತೆಗೆದ್ರ ಐಸ್‌ಕ್ರೀಮಿನ ಜಾಗಾದಾಗ ಐಸ್‌ಕ್ರೀಮು, ಲೈಟಿನ ಜಾಗಾದಾಗ ಲೈಟು. ಒಂದ್ ಲಕ್ಷ್ಯ ಇರ್ಲಿ, ಇದು ಗೂಗಲ್ ಫೋಟೋಸ್ ಒಳಗಷ್ಟೇ ಬದಲಿ ಆಗೋದು, ಒರಿಜಿನಲ್ ಫೈಲಿನಾಗ ಹಳೇ ಟೈಮೇ ಇರ್ತದ. ಮುಂದಿನ ಸಲ ವಿಮಾನ ಇಳಿದ ಕೂಡ್ಲೆ ಕ್ಯಾಮೆರಾದ ಗಡಿಯಾರ ತಿರುಗ್ಸು ಅಂತ ಅಳಿಯಗ ಹೇಳೀನಿ, ಹೂಂ ಅಂದಾನ, ಮಾಡಿದಾಗ ಖರೆ.

ಹುಡುಕೋದು ಛಲೋ ಅದ. ಮಾರಿ ನೋಡಿ ಅವ್ವಂದು ಬ್ಯಾರೆ, ಮಗಳದು ಬ್ಯಾರೆ ಗುಂಪು ಮಾಡಿಟ್ಟಿರ್ತದ, ನಡುವ ನಡುವ "ಇವರಿಬ್ಬರೂ ಒಬ್ಬರೇನಾ" ಅಂತ ಕೇಳ್ತದ. ಅಕ್ಕಂದು ಮತ್ತ ಅವ್ವಂದು ಫೋಟು ಇಟ್ಟು ಕೇಳಿತ್ತು, ನಾ ಅಕ್ಕಗ ತೋರ್ಸಿದ್ದೇ ತಪ್ಪಾಯ್ತು, ಎರಡ್ ದಿನ ಮಾತಾಡ್ಲಿಲ್ಲ. ಮ್ಯಾಪಿನ ಮ್ಯಾಲೂ ನೋಡಬೌದು, ಫೋನಿನ ಫೋಟು ಎಲ್ಲೆಲ್ಲಿ ತೆಗ್ದಿದ್ದು ಅಂತ ಚುಕ್ಕಿ ಚುಕ್ಕಿ ಬರ್ತದ. ಕ್ಯಾಮೆರಾದಾಗ ಜಿಪಿಎಸ್ ಇಲ್ಲ, ಅವುಕ್ಕ ಜಾಗಾದ ಹೆಸರು ಕೈಲೆ ಹಾಕ್ಬೇಕು.

ಆದ್ರ ಆರಿಸೋ ಕೆಲಸ ಯಾವ ಆಪೂ ಮಾಡಲ್ಲ ನೋಡ್ರಿ, ಇದೇ ನನ್ನ ದೊಡ್ಡ ಮಾತು. ಸಿಂಗಾಪುರದ ಮರ್‌ಲಯನ್ ಮೂರ್ತಿ ಒಂದರ ಮುಂದೇ 46 ಫೋಟು. ಸಿಂಹದ ಬಾಯಿಂದ ನೀರ್ ಬೀಳ್ತದಲ್ಲ, ಅದರ ಮುಂದ ಬಾಯಿ ತೆಗ್ದು ನಿಂತು ನೀರ್ ಕುಡದಂಗ ಫೋಟು ತೆಗ್ಸೋದು, ಏಳೂ ಮಂದಿ ಒಬ್ಬೊಬ್ಬರೇ ನಿಂತೀವಿ, ಒಬ್ಬರಿಗಿ ನೀರ್ ಕಿವ್ಯಾಗ ಬಿದ್ದದ, ಒಬ್ಬರಿಗಿ ಹಣಿ ಮ್ಯಾಲ, ಮತ್ತ ತೆಗಿ, ಮತ್ತ ತೆಗಿ. ಅವ್ವ ಮಾತ್ರ ಬಾಯಿ ತೆಗೀಲಿಲ್ಲ, "ಮಾರಿ ಸಿಂಹದ್ದು, ಬಾಲ ಮೀನಿಂದು, ಇತ್ಲಾಗ ನರಸಿಂಹನೂ ಅಲ್ಲ ಅತ್ಲಾಗ ಮತ್ಸ್ಯನೂ ಅಲ್ಲ, ಇದ್ಯಾ ದೇವ್ರೋ" ಅಂತ ಸುಮ್ನ ಕೈ ಮುಗ್ದು ನಿಂತಾಳ. 46ರಾಗ ನಾ ಇಟ್ಟಿದ್ದು ಎರಡು. ಒಂದು ಮಗಳು ನೀರ್ ಬರೋಬರಿ ಬಾಯಾಗ ಹಿಡಿದಿದ್ದು, ಒಂದು ಅವ್ವ ಕೈ ಮುಗ್ದಿದ್ದು. ಹಿಂಗ ನಾಕ್ ರಾತ್ರಿ ಊಟ ಆದ ಮ್ಯಾಲ ಕುಂತು 3,400ರಾಗ 286 ಉಳಿಸೀನಿ. ಕಾಕಾ ಅಂಥವರು ಪೂರಾ ನೋಡ್ಬೇಕು ಅಂದ್ರ ಅದಕಿಂತ ಜಾಸ್ತಿ ಇಡಬಾರ್ದು, ಇಟ್ರ ಮೊದಲ್ ಮೂವತ್ ನೋಡಿ "ಭಾಳ ಛಲೋ ಬಂದಾವಪ್ಪ" ಅಂತ ಬಂದ್ ಮಾಡ್ತಾರ.

ಫೋಟೋದ ನಡುವ ನಡುವ ಎರಡ್ ಸಾಲು ಬರ್ಯಾಕ ಜಾಗ ಕೊಡ್ತದ, ಇದು ನನಗ ಎಲ್ಲಾದ್ಕಿಂತ ಸೇರಿದ್ದು. ಮೈಕ್ ಒತ್ತಿ ಕನ್ನಡದಾಗ ಮಾತಾಡಿದ್ರ ತಾನೇ ಬರ್ಕೊಂತದ. ಬಾತು ಕೇವ್ಸ್ (ಮಲೇಷ್ಯಾದಾಗ ಗುಡ್ಡದ ಗವಿಯೊಳಗಿನ ಮುರುಗನ ಗುಡಿ) ಫೋಟೋದ ಮ್ಯಾಲೆ ಬರ್ದೀನಿ: "272 ಮೆಟ್ಲು. ಅಕ್ಕ ಹತ್ತಿದ್ಳು. ಮಾಮಾ 40ಕ್ಕ ಕುಂತ್ರು. ಅವ್ವ ಕೆಳಗ ಚಪ್ಲಿ ಕಾಯ್ದಳು." ಆ ಮುರುಗನ ಮೂರ್ತಿ 140 ಫೂಟ್ ಅದರಿ, ಕೆಳಗ ನಿಂತು ತೆಗೆದ್ರ ಮೂರ್ತಿ ಬಂದ್ರ ಮಂದಿ ಬರಲ್ಲ, ಮಂದಿ ಬಂದ್ರ ಮೂರ್ತಿ ಮೊಣಕಾಲಿನ ತನ ಅಷ್ಟೇ ಬರ್ತದ, ಹಂಗಾಗಿ ಅಲ್ಲಿನೂ ಮೂವತ್ತ್ ಫೋಟು ವೇಸ್ಟ್. ಮೆಟ್ಲಿಗಿ 2018ರಾಗ ಬಣ್ಣ ಬಣ್ಣ ಹಚ್ಯಾರ, ಫೋಟೋದಾಗ ಭಾಳ ಚಂದ ಬರ್ತದ, ಅವ್ವಗ ಮಾತ್ರ "ರಂಗೋಲಿ ಮ್ಯಾಲೆ ಕಾಲಿಟ್ಟಂಗ ಆಗ್ತದ" ಅನ್ಸಿತ್ತಂತ.

ಇನ್ನ ಲಿಂಕಿನ ಕತಿ. ಆಲ್ಬಮ್ ಲಿಂಕ್ ಕಳ್ಸಿದ್ರ ನೋಡೋರಿಗಿ ಆಪೂ ಬೇಕಿಲ್ಲ, ಲಾಗಿನ್ನೂ ಬೇಕಿಲ್ಲ, ಕಾಕಾ ಒತ್ತಿದ ಕೂಡ್ಲೆ ತೆರೀತು, ಫೋನ್ ಹ್ಯಾಂಗ್ ಆಗ್ಲಿಲ್ಲ. ಕಾಮೆಂಟ್ ಹಾಕ್ಬೇಕಂದ್ರ ಅಷ್ಟೇ ಅಕೌಂಟ್ ಬೇಕು. ಆದ್ರ ಲಿಂಕ್ ಯಾರ ಕೈಗಿ ಸಿಗ್ತದೋ ಅವರೆಲ್ಲಾ ನೋಡ್ಬೌದು, ಇದು ಮರೀಬ್ಯಾಡ್ರಿ. ನಮ್ಮ ಮಾಮಾ ಖುಷಿಯಾಗಿ ಓಣಿ ಗ್ರೂಪಿಗಿ ಫಾರ್ವರ್ಡ್ ಮಾಡ್ಯಾರ, ಮರುದಿನ ಮುಂಜಾನಿ ಹಾಲಿನಾಂವ ನನಗ "ಸಾರ್, ಸ್ವಿಮ್ಮಿಂಗ್ ಪೂಲ್ ಫೋಟು ಮಸ್ತ್ ಅವ ನಿಮ್ದು" ಅಂದಾನ. ನಾ ಅಲ್ಲೇ ಬಾಗಿಲಾಗ ನಿಂತು ಲಿಂಕ್ ಬಂದ್ ಮಾಡ್ದೆ. ಆಪ್ಷನ್ಸ್‌ನಾಗ ಲಿಂಕ್ ಬಂದ್ ಮಾಡಿ ಹೆಸರ್ ಹಿಡಿದು ಜಿಮೇಲ್ ಇದ್ದವರಿಗಷ್ಟೇ ಸೇರ್ಸಬೌದು, ಅಲ್ಲೇ ಜಾಗ ತೋರ್ಸೋದೂ ಬಂದ್ ಮಾಡ್ರಿ, ಮನಿ ಮುಂದ ಹೊರಡೂ ಮುಂದ ತೆಗ್ದ ಫೋಟೋದಾಗ ಮನಿ ಎಲ್ಲದ ಅನ್ನೋದು ಸಿಕ್ಕೊಂಡು ಹೋಗ್ತದ. ಅಕ್ಕ ಅಂತೂ ಏರ್‌ಪೋರ್ಟಿನಿಂದೇ ಸ್ಟೇಟಸ್ ಹಾಕಿದ್ಳು, ಏಳ್ ದಿನ ಮನಿ ಬೀಗ ಅಂತ ಊರಿಗೆಲ್ಲಾ ಡಂಗುರ.

ನಂದೊಂದು ಹುಂಬ ಕೆಲಸಾನೂ ಹೇಳ್ಬಿಡ್ತೀನಿ. ಫೋನ್ ಫುಲ್ ಆಗಿತ್ತು, ಹ್ಯಾಂಗೂ ಮ್ಯಾಲೆ ಏರ್ಯಾವಲ್ಲ ಅಂತ ಇದೇ ಆಪಿನಾಗ ಇನ್ನೂರ್ ಫೋಟು ಆರಿಸಿ ಡಿಲೀಟ್ ಹೊಡ್ದೆ. ಫೋನಿನಾಗಷ್ಟೇ ಹೋಗ್ತಾವ ಅಂತ ತಿಳ್ಕೊಂಡಿದ್ದೆ, ಎರಡೂ ಕಡಿ ಹೋದ್ವು, ಆಲ್ಬಮ್ನಾಗಿಂದೂ ಮಾಯ! ಮನಿಯಾಕಿ ಮಾರಿ ನೋಡಂಗಿರ್ಲಿಲ್ಲ. ಪುಣ್ಯಕ್ಕ ಬ್ಯಾಕಪ್ ಆಗಿದ್ದ ಫೋಟು ಟ್ರ್ಯಾಶ್‌ನಾಗ 60 ದಿನ ಇರ್ತಾವ, ಎಲ್ಲಾ ಹೊಳ್ಳಿ ತಂದೆ. ಫೋನಿನಾಗ ಜಾಗ ಮಾಡ್ಬೇಕಂದ್ರ ಫ್ರೀ ಅಪ್ ಸ್ಪೇಸ್ ಅಂತ ಬ್ಯಾರೆ ಗುಂಡಿ ಅದ, ಅದು ಒತ್ರಿ, ಡಿಲೀಟ್ ಒತ್ತಬ್ಯಾಡ್ರಿ.

ಹಿಂಗ ಫೋಟು ಇಡೂ ಬ್ಯಾರೆ ಆಪೂ ನೋಡೀನಿ. ಫ್ಲಿಕರ್‌ನಾಗ ಫ್ರೀ ಅಂದ್ರ 1,000 ಫೋಟು ಅಷ್ಟೇ, ಐಕ್ಲೌಡ್ ಫ್ರೀ 5 ಜಿಬಿ, ಅದ್ರಾಗ ನಮ್ಮ ಮಾಮಾನ ಒಂದ್ ಬಸ್ ಪ್ರಯಾಣದ ವಿಡಿಯೋ ಸೈತ ಹಿಡ್ಯಂಗಿಲ್ಲ. ಅಕ್ಕನ ಫ್ರೇಮು ಕಡೀಗಿ ಆಲ್ಬಮ್ನಾಗಿಂದ ಒರಿಜಿನಲ್ ಇಳಿಸ್ಕೊಂಡು ಅದೇ ಸ್ಟುಡಿಯೋದಾಗ ಮಾಡ್ಸಿದ್ವಿ, ಈ ಸಲ ಅವ್ವನ ಸೀರಿ ಅಂಚಿನ ಜರಿ ಸೈತ ಕಾಣ್ತದ. ಅಂವ ಸುದ್ದಾ "ಈಗ ನೋಡ್ರಿ" ಅಂದ.

ಈಗ ಉಳಿದಿದ್ದು ಒಂದೇ. ಪೆಟ್ರೋನಾಸ್ ಟವರ್ ಮುಂದ ಏಳೂ ಮಂದಿ ಒಟ್ಟಿಗಿ ನಿಂತಿದ್ದು ಒಂದೇ ಒಂದ್ ಫೋಟು ಅದ, ಯಾರೋ ಬಂಗಾಲದ ಮಂದಿ ತೆಗ್ದು ಕೊಟ್ಟಿದ್ದು, ಅದು ಮಾಮಾನ ಫೋನಿನಾಗೇ ಅದ. ಆಲ್ಬಮಿಗಿ ಸೇರ್ಸೀನಿ, ಹ್ಯಾಂಗ್ ಹಾಕೋದು ಅಂತ ವಿಡಿಯೋ ಮಾಡಿ ಕಳ್ಸೀನಿ, ಮನಿಗಿ ಹೋಗಿ ಚಾ ಕುಡ್ದು ಕೈಲೆ ತೋರ್ಸಿನೂ ಬಂದೀನಿ. "ನಾಳಿಗಿ ಹಾಕ್ತೀನಿ" ಅಂತ ಎರಡ್ ತಿಂಗಳಾಯ್ತು. ಮಾಮಾ, ಇದು ಓದ್ಲಕತ್ತಿದ್ರ, ಲಿಂಕ್ ಮತ್ತೊಮ್ಮಿ ಕಳ್ಸೀನಿ ನೋಡ್ರಿ. ಓಣಿ ಗ್ರೂಪಿಗಿ ಹಾಕ್ಬ್ಯಾಡ್ರಿ.