ಲಾಂಗ್ ರನ್ ಮುಗಿಸಿ ರಸಂ ವಡೆ: ಮಾಟುಂಗದ ಕೆಫೆ ಮದ್ರಾಸ್

ಮೊದಲೇ ಹೇಳಿಬಿಡುತ್ತೇನೆ, ಬೆವರಲ್ಲಿ ತೊಯ್ದು ತೊಪ್ಪೆಯಾಗಿ ಬಂದವಳನ್ನು ಮೂಗು ಮುರಿಯದೆ ಒಳಗೆ ಕೂರಿಸಿದ ಹೋಟೆಲಿದು. ನನ್ನಿಂದ ಕಟುವಾದ ವಿಮರ್ಶೆ ನಿರೀಕ್ಷಿಸಬೇಡಿ.

ನನ್ನೂರು ಸಾಗರ. ಆದರೆ ಓಡೋದು ಕಲಿತದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ, ಮೂವತ್ತು ದಾಟಿದ ಮೇಲೆ. ಅಲ್ಲಿ ಶನಿವಾರ ಬಂತೆಂದರೆ ಯೋಚನೆಯೇ ಇಲ್ಲ. ಬೆಳಿಗ್ಗೆ 9:30ಕ್ಕೆ ಕ್ರಾಮಂಡ್‌ನ ಸಮುದ್ರದ ದಂಡೆಯಲ್ಲಿ ಹೋಗಿ ನಿಂತರಾಯಿತು. ಪಾರ್ಕ್‌ರನ್, 5 ಕಿಲೋಮೀಟರ್, ಒಂದು ಪೈಸೆ ಖರ್ಚಿಲ್ಲ. ಓಡಿ ಮುಗಿಸಿ ಬಾರ್‌ಕೋಡ್ ತೋರಿಸಿದರೆ ಟೈಮ್ ಬರೆದುಕೊಳ್ಳುತ್ತಾರೆ. ಆಮೇಲೆ ಕಾಫಿ, ಹೆಸರೂ ಗೊತ್ತಿಲ್ಲದವರ ಜೊತೆ ಮಾತು. 7 ವರ್ಷ ಹೀಗೇ ಹೋಯಿತು. ಕಳೆದ ಮೇ ತಿಂಗಳಲ್ಲಿ ಗಂಡನ ಕೆಲಸ ನಮ್ಮನ್ನು ಮುಂಬೈಗೆ ತಂದು ಹಾಕಿತು. ಪಾಸ್‌ಪೋರ್ಟ್ ಪ್ರಕಾರ ಇದು ನನ್ನದೇ ದೇಶ. ಆದರೆ ಇಲ್ಲಿ ಒಂದು ದಿನವೂ ಓಡಿದವಳಲ್ಲ. ಕಾಲಿಗೆ ಪೂರ್ತಿ ಪರದೇಶ.

ಮೊದಲ ದಿನ ಬೆಳಿಗ್ಗೆ 6 ಗಂಟೆಗೆ ಫೈವ್ ಗಾರ್ಡನ್ಸ್‌ಗೆ ಹೋದೆ. ಪಾರ್ಸಿ ಕಾಲೊನಿಯ ದೊಡ್ಡ ದೊಡ್ಡ ಮರ, ನೆರಳು, ವಾಹನಗಳ ಗಲಾಟೆಯೂ ಕಮ್ಮಿ. ಖುಷಿಯಾಗಿ ನನ್ನ ಮಾಮೂಲಿ ಪೇಸ್‌ನಲ್ಲೇ, ಅಂದರೆ ವೇಗದಲ್ಲೇ, ಹೊರಟೆ. 2 ಕಿಲೋಮೀಟರ್ ಆಗುವಷ್ಟರಲ್ಲಿ ವಾಚಿನಲ್ಲಿ ಹಾರ್ಟ್ ರೇಟ್ 172! ಎಡಿನ್‌ಬರೋದಲ್ಲಿ ಅದೇ ಪೇಸ್‌ಗೆ 150 ದಾಟುತ್ತಿರಲಿಲ್ಲ. ಇಲ್ಲಿಯ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದಿದ್ದರೆ ಮೈ ತಣಿಯೋದು ಹೇಗೆ? ಎರಡು ವಾರ ನಿಧಾನಕ್ಕೆ ಓಡಿದರೆ ಮೈ ಒಗ್ಗುತ್ತಾ ಬರುತ್ತದೆ. ನಾನು ಕೇಳಬೇಕಲ್ಲ! ಅಂಗಡಿಯೊಂದರಲ್ಲಿ ವಿಚಾರಿಸಿದೆ. ತಪ್ಪೆಲ್ಲ ನನ್ನ ಹಳೇ ಶೂದು ಎಂದು ದುಬಾರಿ ಜೋಡಿಯೊಂದನ್ನು ಕಟ್ಟಿ ಕಳಿಸಿದರು. ಅಂಗಡಿ ಹೆಸರು ಬೇಡ ಬಿಡಿ. ಶೂ ಚೆನ್ನಾಗೇ ಇದೆ. ಹಾರ್ಟ್ ರೇಟ್ ಮಾತ್ರ ಅಲ್ಲೇ ಇತ್ತು.

ಆ ಭಾನುವಾರ 12 ಕಿಲೋಮೀಟರ್ ಮುಗಿಸಿದಾಗ ಕಪ್ಪು ಟೀ ಶರ್ಟ್ ಮೇಲೆ ಉಪ್ಪಿನ ಬಿಳಿ ಗೆರೆಗಳು, ಥೇಟ್ ರಂಗೋಲಿ. ಸಿಹಿ ನೆನೆದರೇ ಹೊಟ್ಟೆ ತೊಳಸುತ್ತಿತ್ತು. ಉಪ್ಪು ಬೇಕು, ಹುಳಿ ಬೇಕು, ಬಿಸಿ ಬೇಕು. ಫೈವ್ ಗಾರ್ಡನ್ಸ್‌ನಿಂದ ಕಿಂಗ್ಸ್ ಸರ್ಕಲ್‌ಗೆ ನಡೆದರೆ ಹತ್ತು ಹದಿನೈದು ನಿಮಿಷ. 1940ರಿಂದ ನಡೆಯುತ್ತಿರುವ ಕೆಫೆ ಮದ್ರಾಸ್ ಇರೋದು ಅಲ್ಲೇ. ಹೆಸರು ಮದ್ರಾಸ್, ನಡೆಸುವವರು ಕಾಮತರು.

ರಸಂ ವಡೆ ಬಂತು. ವಡೆ ಪೂರ್ತಿ ಮುಳುಗಿರಲಿಲ್ಲ, ಬೆನ್ನು ಮಾತ್ರ ಮೇಲೆ ಕಾಣುತ್ತಿತ್ತು, ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗೆ. ಚಮಚದಲ್ಲಿ ಒತ್ತಿದೆ. ಮೇಲಿನ ಪದರ ಇನ್ನೂ ಗರಿ, ಒಳಗೆಲ್ಲ ರಸ. ಮೆಣಸಿನ ಖಾರ ಗಂಟಲಲ್ಲಿ ಇಳಿದಾಗ ಮೂಗು, ಕಣ್ಣು ಎರಡೂ ನೀರಾದವು. ವಡೆ ಮುಗಿದ ಮೇಲೆ ಬಟ್ಟಲೆತ್ತಿ ರಸಂ ಕುಡಿದೆ. ಬೆವರಲ್ಲಿ ಹೋದ ಉಪ್ಪು ತುಂಬಿಕೊಳ್ಳಲು ನೀರಿಗೆ ಹಾಕುವ ಎಲೆಕ್ಟ್ರೊಲೈಟ್ ಪುಡಿಗೆ ಇಷ್ಟು ದಿನ ಸುಮ್ನೆ ದುಡ್ಡು ಸುರಿದೆನಲ್ಲ!

ರಾಗಿ ದೋಸೆಯೂ ಚೆನ್ನ, ಅಂಚು ಗರಿಗರಿ. ನೀರ್ ದೋಸೆ ಬಗ್ಗೆ ನಾನು ಮಾತಾಡೋದು ಸರಿಯಲ್ಲ, ಅಮ್ಮನ ಕೈಯದ್ದು ತಿಂದು ಬೆಳೆದವಳು. ಅದೂ ಅಲ್ಲದೆ ಓಡಿ ಬಂದ ಹಸಿವಿಗೆ ಅದು ಯಾವ ಮೂಲೆಗೂ ಸಾಲದು. ಫಿಲ್ಟರ್ ಕಾಫಿಗೆ ಹೇಳುವಾಗಲೇ ಸಕ್ಕರೆ ಕಮ್ಮಿ ಎಂದುಬಿಡಿ.

ಭಾನುವಾರ 7 ಗಂಟೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಕ್ಷೇಮ. ತಡವಾದರೆ ಚೀಟಿಯಲ್ಲಿ ಹೆಸರು ಬರೆಸಿ ಫುಟ್‌ಪಾತ್ ಮೇಲೆ ಕಾಯಬೇಕು. ಓಡಿ ಬಂದ ಕಾಲಿಗೆ ಆ ನಿಲ್ಲುವುದೇ ಶಿಕ್ಷೆ. ಸೋಮವಾರ ರಜೆ.

ಜನ ಜಾಸ್ತಿ ಇದ್ದರೆ ಟೇಬಲ್ ಹಂಚಿಕೊಳ್ಳಬೇಕು. ಅವತ್ತು ಎದುರಿಗೆ ಅರವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಮುಂಬೈ ಮ್ಯಾರಥಾನ್‌ನ ಮಾಸಿದ ಟೀ ಶರ್ಟ್. ನಾನು ಫೋನಲ್ಲಿ ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿತ್ತು ಅಂತ ಕಾಣುತ್ತದೆ. ಫೋನ್ ಇಟ್ಟ ಕೂಡಲೇ, "ಎಷ್ಟು ಓಡಿದ್ರಿ?" ಅಂದರು. ಯಾವ ಊರು ಅಂತ ಕೇಳಿದ್ದು ಆಮೇಲೆ. ನನ್ನ ಪೇಸ್ ಕೇಳಿ ನಕ್ಕರು. "ಮಳೆಗಾಲ ಮುಗಿಯೋವರೆಗೆ ವಾಚ್ ಮನೇಲಿಟ್ಟು ಬನ್ನಿ. ಜನವರಿಯ ಮ್ಯಾರಥಾನ್‌ನಲ್ಲಿ ಪೆಡ್ಡರ್ ರೋಡ್ ಏರು ಹತ್ತುವಾಗ ಬೇಕಾದ್ರೆ ಕಟ್ಕೊಳ್ಳಿ."

ಈಗ ನಾವು ಐದು ಜನ, ಎಲ್ಲ ಕನ್ನಡದವರು. ಭಾನುವಾರ 5:30ಕ್ಕೆ ಫೈವ್ ಗಾರ್ಡನ್ಸ್. ಮೊದಲು ಮುಗಿಸಿದವರು ಹೋಗಿ ಚೀಟಿಯಲ್ಲಿ ಐದು ಜನರ ಟೇಬಲ್ ಬರೆಸಬೇಕು ಅಂತ ಒಪ್ಪಂದ. ಆ ಕೆಲಸ ಇನ್ನೂ ಒಮ್ಮೆಯೂ ನನ್ನ ಪಾಲಿಗೆ ಬಂದಿಲ್ಲ.