ವೀಸಾ ಫೈಲಿಗೆ ಯಾವ ಟಿಕೆಟ್: ಡಮ್ಮಿಯೋ, ಅಗ್ಗದ್ದೋ, ರೀಫಂಡ್ ಆಗುವುದೋ?

ಯೂರೋಪಿನ ಸಮ್ಮೇಳನಕ್ಕೆ ಪೇಪರ್ ಒಪ್ಪಿಗೆಯಾಗಿದೆ, ಷೆಂಗೆನ್ ವೀಸಾದ ಕಾಗದಗಳೆಲ್ಲ ಸೇರಿವೆ, ಹೋಗಿಬರುವ ಟಿಕೆಟ್ ಮಾತ್ರ ಬಾಕಿ ಎನ್ನುವವರಿಗಾಗಿ ಇದು. ಮೂರೂ ದಾರಿ ಬಳಸಿ ನೋಡಿದ ಮೇಲೆ ನನ್ನ ಆಯ್ಕೆ ಒಂದೇ: ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲಿ ಕೊಂಡ, ರೀಫಂಡ್ ಆಗುವ ಟಿಕೆಟ್. ಏಜೆಂಟರ ಡಮ್ಮಿ ಟಿಕೆಟ್, ಅಂದರೆ ಪೂರ್ತಿ ದುಡ್ಡು ಕಟ್ಟದೆ ಸೀಟು ಮಾತ್ರ ಹಿಡಿದಿಟ್ಟ ಬುಕಿಂಗ್, ಬೇಡವೇ ಬೇಡ.

ಡಮ್ಮಿಯ ಆಸೆ ಯಾಕೆ ಹುಟ್ಟುತ್ತದೆ ಎಂಬುದು ಗೊತ್ತಿದ್ದದ್ದೇ. ಕೆಲವು ನೂರು ರೂಪಾಯಿಗೆ ಕೆಲಸ ಮುಗಿಯುತ್ತದೆ. ನಿಯಮದಲ್ಲೂ ದುಡ್ಡು ಕಟ್ಟಿದ ಟಿಕೆಟ್ಟೇ ಬೇಕೆಂದಿಲ್ಲ, ರಿಸರ್ವೇಷನ್ ಇದ್ದರೂ ನಡೆಯುತ್ತದೆ. ತೊಂದರೆ ಇರುವುದು ಆ ರಿಸರ್ವೇಷನ್ ಎಷ್ಟು ದಿನ ಉಳಿಯುತ್ತದೆ ಎಂಬುದರಲ್ಲಿ.

ಏಜೆಂಟ್ ಸೀಟು ಹಿಡಿದ ಕೂಡಲೇ ಆರು ಅಕ್ಷರದ ಪಿಎನ್‌ಆರ್ ಬರುತ್ತದೆ. ದುಡ್ಡು ಕಟ್ಟಿದ ಮೇಲೆ ಮಾತ್ರ 13 ಅಂಕಿಯ ಇ-ಟಿಕೆಟ್ ಸಂಖ್ಯೆ ಬರುತ್ತದೆ. ಅದರ ಮೊದಲ ಮೂರು ಅಂಕಿ ಕಂಪನಿಯ ಗುರುತು: ಲುಫ್ತಾನ್ಸಾಗೆ 220, ಏರ್ ಫ್ರಾನ್ಸ್‌ಗೆ 057, ಎಮಿರೇಟ್ಸ್‌ಗೆ 176. ಈ ಸಂಖ್ಯೆ ಇಲ್ಲದ ಪಿಎನ್‌ಆರ್‌ಗೆ ಕಂಪನಿ ಒಂದು ಗಡುವು ಹಾಕಿರುತ್ತದೆ. ಸಾಮಾನ್ಯವಾಗಿ ಅದು ಒಂದೆರಡು ದಿನ, ಹೆಚ್ಚೆಂದರೆ ಇನ್ನು ಸ್ವಲ್ಪ. ಗಡುವು ದಾಟಿದರೆ ಸೀಟು ತಾನಾಗಿಯೇ ರದ್ದಾಗುತ್ತದೆ.

ಫೈಲ್ ಕೊಡುವ ದಿನ ಬೇರೆ, ಅದನ್ನು ಓದುವ ದಿನ ಬೇರೆ. ದೂತಾವಾಸದ ಪರವಾಗಿ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದವರು ಬೆರಳಚ್ಚು ತೆಗೆದುಕೊಂಡು ಕಾಗದ ಕಳಿಸುತ್ತಾರೆ, ಅಷ್ಟೇ. ತೀರ್ಮಾನ ದೂತಾವಾಸದ್ದು. ಅದಕ್ಕೆ ಸಾಮಾನ್ಯ ಅವಧಿ 15 ದಿನ, 45 ದಿನದವರೆಗೂ ಎಳೆಯಬಹುದು. ಅಷ್ಟರಲ್ಲಿ ಪಿಎನ್‌ಆರ್ ಸತ್ತಿರುತ್ತದೆ. ಅಧಿಕಾರಿ ಹಾಕಿ ನೋಡಿದರೆ ಬುಕಿಂಗೇ ಇಲ್ಲ. ದಾಖಲೆ ಸಾಚಾ ಅಲ್ಲವೆಂಬ ಸಕಾರಣ ಅನುಮಾನ ಬಂದರೆ ಷೆಂಗೆನ್ ವೀಸಾ ಸಂಹಿತೆಯ 32ನೇ ವಿಧಿಯಂತೆ ಅರ್ಜಿ ನಿರಾಕರಿಸಬಹುದು. ಆ ನಿರಾಕರಣೆ ಐದು ವರ್ಷ ವೀಸಾ ದತ್ತಾಂಶದಲ್ಲಿ ಉಳಿಯುತ್ತದೆ, ಬೇರೆ ಷೆಂಗೆನ್ ದೇಶದ ದೂತಾವಾಸಕ್ಕೂ ಕಾಣುತ್ತದೆ. ಕೆಲವು ಏಜೆಂಟರಂತೂ ಸೀಟನ್ನೇ ಹಿಡಿಯದೆ ಪಿಡಿಎಫ್ ಮಾತ್ರ ತಯಾರಿಸಿ ಕೊಡುತ್ತಾರೆ. ಅದು ಶುದ್ಧ ನಕಲಿ ದಾಖಲೆ.

ಗೊಂದಲ ಇನ್ನೊಂದಿದೆ. ಏಜೆಂಟರ ಬುಕಿಂಗ್ ವ್ಯವಸ್ಥೆಯ ಪಿಎನ್‌ಆರ್ ಬೇರೆ, ವಿಮಾನ ಕಂಪನಿಯ ಪಿಎನ್‌ಆರ್ ಬೇರೆ. ಮೊದಲನೆಯದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ಸೀಟು ನಿಜವಾಗಿ ಇದ್ದರೂ ಏನೂ ಸಿಗದೆ ಹೋಗಬಹುದು. ಡಮ್ಮಿಯೇ ಗತಿ ಎನ್ನುವವರು ಕಂಪನಿಯ ಪಿಎನ್‌ಆರ್ ಕೇಳಿ ಪಡೆಯಿರಿ, ಗಡುವಿನ ದಿನಾಂಕ ಬರೆಸಿಕೊಳ್ಳಿ, ಕೌಂಟರಿಗೆ ಹೋಗುವ ಬೆಳಿಗ್ಗೆ ನೀವೇ ಹಾಕಿ ನೋಡಿ.

ವಿಮಾನ ಕಂಪನಿಗಳೇ ಶುಲ್ಕ ಪಡೆದು ದರ ಹಿಡಿದಿಡುವ ಸೌಲಭ್ಯವೂ ಇದೇ ಕಾರಣಕ್ಕೆ ಸಾಲದು. ಅದೂ ಬೇಗ ಮುಗಿಯುತ್ತದೆ.

ರೀಫಂಡ್ ಆಗುವ ಟಿಕೆಟ್ಟಿನಲ್ಲಿ ಈ ಯಾವ ತಲೆನೋವೂ ಇಲ್ಲ. ಇ-ಟಿಕೆಟ್ ಸಂಖ್ಯೆ ಇರುತ್ತದೆ, ಯಾವತ್ತು ಹಾಕಿ ನೋಡಿದರೂ ಬುಕಿಂಗ್ ಸಿಗುತ್ತದೆ. ಆದರೆ ‘ರೀಫಂಡಬಲ್’ ಎಂದು ಕಂಡ ಮಾತ್ರಕ್ಕೆ ದುಡ್ಡು ಕಟ್ಟಬೇಡಿ, ದರದ ನಿಯಮಗಳನ್ನು ತೆರೆದು ಓದಿ. ಪೂರ್ತಿ ದುಡ್ಡು ವಾಪಸ್ಸೋ, ಶುಲ್ಕ ಕಳೆದೋ? ಆ ಶುಲ್ಕ ಇಡೀ ಪ್ರಯಾಣಕ್ಕೋ, ಹೋಗುವುದಕ್ಕೆ ಬರುವುದಕ್ಕೆ ಬೇರೆಬೇರೆಯೋ? ಹೋಗುವಾಗ ಫ್ಲೆಕ್ಸಿ (ರದ್ದತಿ, ಬದಲಾವಣೆಗೆ ಸಡಿಲ ನಿಯಮವಿರುವ ದುಬಾರಿ ದರ), ಬರುವಾಗ ಅಗ್ಗದ ದರ ಎಂದು ಬೆರೆಸಿದರೆ ಸಾಮಾನ್ಯವಾಗಿ ಎರಡರಲ್ಲಿ ಬಿಗಿಯಾದ ನಿಯಮವೇ ಇಡೀ ಟಿಕೆಟ್ಟಿಗೆ ಅನ್ವಯ. ದಿನಾಂಕ ಬದಲಿಸಬಹುದು ಎನ್ನುವುದೂ ರೀಫಂಡ್ ಎನ್ನುವುದೂ ಒಂದೇ ಅಲ್ಲ. ಬುಕಿಂಗ್ ಆ್ಯಪ್ ಅಥವಾ ಏಜೆಂಟ್ ಮೂಲಕ ಕೊಂಡರೆ ರೀಫಂಡ್ ಮೊದಲು ಅವರ ಕೈಗೆ ಹೋಗುತ್ತದೆ, ಅವರ ಸೇವಾ ಶುಲ್ಕ ಮರಳುವುದಿಲ್ಲ. ನೇರವಾಗಿ ಕೊಳ್ಳಿ ಎನ್ನುವುದು ಅದಕ್ಕೇ.

ಇದರ ಬೆಲೆ ಹೆಚ್ಚು, ನಿಜ. ಆ ವ್ಯತ್ಯಾಸದ ಒಂದು ಪಾಲು ವೀಸಾ ಶುಲ್ಕದಲ್ಲೇ ಉಳಿಸಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಆ ಶುಲ್ಕ 90 ಯೂರೋ. ವೈಜ್ಞಾನಿಕ ಸಮ್ಮೇಳನಕ್ಕೆ ಹೋಗುವ ಸಂಶೋಧಕರಿಗೆ ಸಂಹಿತೆಯ 16ನೇ ವಿಧಿಯಲ್ಲಿ ಪೂರ್ತಿ ವಿನಾಯಿತಿ ಇದೆ. ಕೇಂದ್ರದ ಸೇವಾ ಶುಲ್ಕ ಮಾತ್ರ ಕಟ್ಟಬೇಕು. ಏಜೆಂಟ್ ಅರ್ಜಿಯಲ್ಲಿ ‘ಪ್ರವಾಸ’ ಎಂದು ಗುರುತು ಹಾಕಿದರೆ ಈ ಲಾಭ ಕೈತಪ್ಪುತ್ತದೆ. ನೀವು ಸಂಶೋಧಕರೆಂದು ಸ್ಪಷ್ಟವಾಗಿ ಹೇಳುವ ಸಂಸ್ಥೆಯ ಪತ್ರ, ಸಮ್ಮೇಳನದ ಆಹ್ವಾನ ಪತ್ರ, ಎರಡೂ ಮುಂದಿಡಿ.

ನಮ್ಮ ಕಡೆಯವರಿಗೆ ಹೆಸರಿನ ತೊಡಕು ಬೇರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಪೇಪರಿನಲ್ಲಿ ಊರಿನ ಮತ್ತು ಅಪ್ಪನ ಇನಿಷಿಯಲ್. ಆಹ್ವಾನ ಪತ್ರವನ್ನು ಪಾಸ್‌ಪೋರ್ಟಿನ ಹೆಸರಿನಲ್ಲೇ ಬರೆಸಿ. ಒಂದೇ ಹೆಸರಿದ್ದರೆ ಟಿಕೆಟ್ಟಿನಲ್ಲಿ ಹೇಗೆ ತುಂಬಬೇಕೆಂದು ಕಂಪನಿಯನ್ನೇ ಕೇಳಿ, ಪ್ರತಿ ಕಂಪನಿಯ ಪದ್ಧತಿ ಬೇರೆ.

ಅಗ್ಗದ, ರೀಫಂಡ್ ಇಲ್ಲದ ಟಿಕೆಟ್ ಸರಿಹೋಗುವುದು ಕೈಯಲ್ಲಿ ಇನ್ನೂ ಅವಧಿಯಿರುವ ಮಲ್ಟಿಪಲ್ ಎಂಟ್ರಿ ವೀಸಾ ಇದ್ದವರಿಗೆ. ಉಳಿದವರು ವೀಸಾಗೆ ಮುಂಚೆ ಕೊಂಡರೆ ಅದು ಜೂಜು. ಲಂಡನ್ ಮೂಲಕ ಹೋಗುವ ಅಗ್ಗದ ದಾರಿಯಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ: ಭಾರತದ ಪಾಸ್‌ಪೋರ್ಟಿಗೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇಕು, ಅಲ್ಪಾವಧಿಯ ಷೆಂಗೆನ್ ವೀಸಾ ಇದ್ದರೆ ವಿನಾಯಿತಿ ಸಿಗುವುದಿಲ್ಲ.

ಕಾರ್ಡಿನ ಮಿತಿ ಚಿಕ್ಕದಿರುವ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ನನ್ನ ಸಲಹೆ ರೀಫಂಡ್ ಟಿಕೆಟ್ಟೇ, ಆದರೆ ಬಿಲ್ ತಯಾರಾದ ಮರುದಿನ ಕೊಳ್ಳಿ. ಕಟ್ಟಲು ಹೆಚ್ಚು ದಿನ ಸಿಗುತ್ತದೆ. ವೀಸಾ ಬಂದ ಮೇಲೆ ದಿನಾಂಕ ಬದಲಿಸುವ ಮುನ್ನ ಸ್ಟಿಕ್ಕರಿನಲ್ಲಿರುವ ತಂಗುವ ದಿನಗಳ ಸಂಖ್ಯೆ ನೋಡಿ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ.

ಕೇಂದ್ರ ಸರ್ಕಾರದ ದುಡ್ಡಿನಲ್ಲಿ ಹೋಗುವವರಿಗೆ ಈ ಆಯ್ಕೆಗಳೇ ಇಲ್ಲ. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಈ ಮೂರು ಅಧಿಕೃತ ಏಜೆನ್ಸಿಗಳಲ್ಲೇ ಟಿಕೆಟ್ ತೆಗೆಸಬೇಕು. ಫ್ಲೆಕ್ಸಿ ದರ ಬೇಕಿದ್ದರೆ ಕೊಳ್ಳುವ ಮುಂಚೆಯೇ ಲೆಕ್ಕಪತ್ರ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಬೋರ್ಡಿಂಗ್ ಪಾಸ್ ಬಿಸಾಡಬೇಡಿ.