ಹಿಟಾಚಿ ಶಿಫ್ಟ್ ಮಾಡೋ ಲೋಬೆಡ್ ಸರ್ವಿಸ್ ರಿವ್ಯೂ: ಚೈನ್ ಕಟ್ಟೋದ್ರಲ್ಲಿ ಫುಲ್ ಮಾರ್ಕ್ಸ್, ಫೋನ್ ಎತ್ತೋದ್ರಲ್ಲಿ ಇಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅಂತ ಕೆಳಗೆ ಬರುತ್ತೆ. ನಮ್ದು ಮಣ್ಣು ತೆಗೆಯೋ ಕೆಲಸ, 20 ಟನ್ ಕ್ಲಾಸಿನ ಎಕ್ಸ್‌ಕವೇಟರ್ ಒಂದು, 30 ಟನ್ನಿಂದು ಇನ್ನೊಂದು, ಸೈಟ್ ಬದಲಾದಾಗೆಲ್ಲ ಲೋಬೆಡ್ (ಬೆಡ್ ನೆಲಕ್ಕೆ ಹತ್ರ ಇರೋ ಟ್ರೈಲರ್) ಕರೆಸ್ಲೇಬೇಕು. ಹತ್ರದ ಸೈಟಲ್ವಾ, ಹಂಗೇ ಓಡಿಸ್ಕೊಂಡು ಹೋಗಿ ಅಂತ ಪುಕ್ಕಟೆ ಸಲಹೆ ಕೊಡೋರಿದ್ದಾರೆ, ಅಂಥೋರ ಕೈಗೆ ಒಂದ್ಸಲ ಅಂಡರ್‌ಕ್ಯಾರೇಜ್ (ಟ್ರ್ಯಾಕು, ರೋಲರ್ ಇರೋ ಕೆಳಭಾಗ) ರಿಪೇರಿ ಬಿಲ್ ಕೊಡ್ಬೇಕು. ಈ ಮೆಷಿನ್ ಎಷ್ಟೇ ಎಳೆದ್ರೂ ಗಂಟೆಗೆ 5.5 ಕಿಲೋಮೀಟರ್ ಆಸುಪಾಸು, ದೂರ ಓಡಿಸಿದ್ರೆ ಫೈನಲ್ ಡ್ರೈವ್ (ಟ್ರ್ಯಾಕ್ ತಿರುಗಿಸೋ ಗೇರ್) ಕಾಯುತ್ತೆ, ರೋಲರ್ ಸವೆಯುತ್ತೆ, ಟಾರ್ ರೋಡ್ ಕಿತ್ತು ಬರುತ್ತೆ, ಆಮೇಲೆ ರೋಡಿನೋರ ಹತ್ರ ಬೈಸ್ಕೊಳೋದೂ ನಾವೇ.

ಈ ಟ್ರಾನ್ಸ್‌ಪೋರ್ಟ್‌ನವರ ಹೆಸರು ಹಾಕ್ತಿಲ್ಲ, ಬೈದಿರೋದೂ ಇದೆ ಅದಕ್ಕೆ. ಹೆಂಗ್ ಕೆಲಸ ಮಾಡ್ತಾರೆ ಅನ್ನೋದು ಓದಿದ್ರೆ ನೀವು ಕರೆಸೋರನ್ನ ಅಳೆಯೋಕೆ ಆಗುತ್ತೆ.

ಬುಕಿಂಗ್ ಫೋನಲ್ಲೇ ಗೊತ್ತಾಯ್ತು ಇವರಿಗೆ ಕಸುಬು ಗೊತ್ತಿದೆ ಅಂತ. ಸುಮಾರು ಜನ '20 ಟನ್ನಾ ಸಾರ್, ಆಯ್ತು ಬರ್ತೀವಿ' ಅಂತ ಇಟ್ಬಿಡ್ತಾರೆ. ಇವರು ಮಾಡೆಲ್ ಕೇಳಿದ್ರು, ಪ್ಲೇಟ್ ಫೋಟೋ ಕಳಿಸಿ ಅಂದ್ರು, ಶೂ (ಟ್ರ್ಯಾಕಿನ ಕಬ್ಬಿಣದ ಪಟ್ಟಿ) ಎಷ್ಟು ಅಗಲ ಅಂದ್ರು, ಬ್ರೇಕರ್ (ಬಂಡೆ ಒಡೆಯೋ ಸುತ್ತಿಗೆ) ಹಾಕಿದೀರಾ ಬಕೆಟ್ ಹಾಕಿದೀರಾ, ಇನ್ನೊಂದು ಬಕೆಟ್ ಜೊತೇಲಿ ಬರುತ್ತಾ, ಟ್ಯಾಂಕ್ ಎಷ್ಟು ತುಂಬಿದೆ, ಎಲ್ಲಾ. ಡೀಸೆಲ್ ಲೆಕ್ಕ ಯಾಕೆ ಅಂತ ನಮ್ಮ ಸೂಪರ್‌ವೈಸರ್ ನಕ್ಕ, ಆದ್ರೆ ಬ್ರೇಕರ್ ಒಂದೂವರೆ ಟನ್ ಮೇಲೆ, ಕ್ವಿಕ್ ಕಪ್ಲರ್ (ಬಕೆಟ್ ಬೇಗ ಬದಲಾಯಿಸೋ ಕೊಂಡಿ), ಎಕ್ಸ್‌ಟ್ರಾ ಬಕೆಟ್, 300-400 ಲೀಟರ್ ಡೀಸೆಲ್, ಎಲ್ಲಾ ಸೇರಿದ್ರೆ ಪುಸ್ತಕದಲ್ಲಿ 21 ಟನ್ ಅಂತಿರೋ ಮೆಷಿನ್ 23ರ ಹತ್ರ ಹೋಗುತ್ತೆ, ಆಕ್ಸಲ್ ಲೋಡ್ ಲೆಕ್ಕ ಹಾಕೋನಿಗೆ ಅದು ಸಣ್ಣ ವಿಷ್ಯ ಅಲ್ಲ.

ಶೂ ಅಗಲ ಕೇಳಿದ್ದಂತೂ ನನಗೆ ಬಹಳ ಇಷ್ಟ ಆಯ್ತು. 20 ಟನ್ ಕ್ಲಾಸಿನ ಲಾಂಗ್ ಟ್ರ್ಯಾಕ್ ಮೆಷಿನ್ನಿಗೆ 600 ಎಂಎಂ ಶೂ ಇದ್ರೆ ಅಗಲ 3 ಮೀಟರ್ ಒಳಗೆ ಇರುತ್ತೆ, ಜೌಗು ನೆಲಕ್ಕೆ ಅಂತ 800 ಎಂಎಂ ಹಾಕಿಸಿದ್ರೆ 3.2 ಹತ್ರ ಹೋಗುತ್ತೆ. ಬಹಳಷ್ಟು ದೇಶಗಳಲ್ಲಿ ಮಾಮೂಲಿ ಗಾಡಿಗೆ ಅಗಲದ ಮಿತಿ 2.5-2.6 ಮೀಟರ್, ಅಂದ್ರೆ ಎರಡೂ ಓಡಿಸಿ (ಓವರ್ ಡೈಮೆನ್ಷನಲ್ ಕಾರ್ಗೋ, ಅಳತೆ ಮೀರಿದ) ಲೋಡೇ, ಪರ್ಮಿಟ್ಟು, ಕೆಂಪು ಬಾವುಟ, ಲೈಟು, ಬೋರ್ಡು ಎಲ್ಲಾ ಬೇಕು. ಎತ್ತರದ್ದೂ ಅಷ್ಟೇ. ಮೆಷಿನ್ ಮಡಚಿದಾಗ ಎತ್ತರ 3 ಮೀಟರ್ ಹತ್ರ, ಮಾಮೂಲಿ ಟ್ರೈಲರ್ ಬೆಡ್ 1.5 ಮೀಟರ್ ಇದ್ರೆ ಒಟ್ಟು 4.5 ಆಯ್ತು, ಬ್ರಿಡ್ಜು, ಕರೆಂಟ್ ವೈರು ಎಲ್ಲಾ ತಲೆನೋವು. ಲೋಬೆಡ್ 0.9 ಮೀಟರ್ ಇರೋದ್ರಿಂದ 3.9ಕ್ಕೆ ಮುಗೀತು. ಈ ಅರ್ಧ ಮೀಟರ್ ಚಿಲ್ಲರೆಗೋಸ್ಕರನೇ ಲೋಬೆಡ್ ಅನ್ನೋದು ಇರೋದು, ಅದು ಬಿಟ್ರೆ ಓಡಿಸೋಕೆ ಅದರಷ್ಟು ಕಷ್ಟದ ಗಾಡಿ ಇನ್ನೊಂದಿಲ್ಲ.

ಹತ್ತಿಸೋದು ನೋಡ್ಬೇಕು. ಗಾಡಿ ಬಂದ್ಮೇಲೆ ಅವರ ಡ್ರೈವರ್ ಮಾಡಿದ ಮೊದಲ ಕೆಲಸ ಏನಂದ್ರೆ ಗಟ್ಟಿ ಸಮ ನೆಲ ಹುಡುಕಿ ನಿಲ್ಸಿದ್ದು, ಚಕ್ರಕ್ಕೆ ಅಡ್ಡ ಕೊಟ್ಟಿದ್ದು, ಆಮೇಲೆ ನಮ್ಮ ಆಪರೇಟರ್‌ಗೆ 'ಟ್ರ್ಯಾಕ್ ಮಣ್ಣು ಕೆರೆದು ತಗೊಂಬಾ ಅಣ್ಣಾ, ಹಂಗೆ ಬೇಡ' ಅಂದಿದ್ದು. ಇವನು ಮುಖ ಊದಿಸ್ಕೊಂಡ, ಆದ್ರೂ ಸಲಿಕೆ ಹಿಡ್ಕೊಂಡು ಕೆರೆದ. ಒದ್ದೆ ಮಣ್ಣು ಮೆತ್ತಿರೋ ಕಬ್ಬಿಣದ ಟ್ರ್ಯಾಕು ಕಬ್ಬಿಣದ ರ್‍ಯಾಂಪ್ ಮೇಲೆ ಸೋಪ್ ಹಾಕಿದ ಹಾಗೆ ಜಾರುತ್ತೆ, ಅದೂ ಅಲ್ದೆ ಒಣಗಿದ ಹೆಂಟೆ ರೋಡಲ್ಲಿ ಬಿದ್ರೆ ಹಿಂದಿನ ಬೈಕ್‌ನೋನ ಕಥೆ ಏನು. ರ್‍ಯಾಂಪ್ ಇಳಿಜಾರು 15 ಡಿಗ್ರಿ ಮೇಲೆ ಇರಬಾರದು ಅಂತ ಮೆಷಿನ್ ಮ್ಯಾನುಯಲ್‌ಗಳಲ್ಲಿ ಇರುತ್ತೆ, 0.9 ಮೀಟರ್ ಎತ್ತರಕ್ಕೆ ಅದು ಬರಬೇಕಂದ್ರೆ ರ್‍ಯಾಂಪ್ ಮೂರೂವರೆ ಮೀಟರ್ ಉದ್ದ ಬೇಕು, ಗಿಡ್ಡ ರ್‍ಯಾಂಪ್ ಇಟ್ಕೊಂಡು ಬರೋರನ್ನ ಅಲ್ಲಿಂದಲೇ ವಾಪಸ್ ಕಳಿಸಿ.

ಹತ್ತೋವಾಗ ಸ್ಪ್ರಾಕೆಟ್ (ಟ್ರ್ಯಾಕ್ ತಿರುಗಿಸೋ ಹಲ್ಲಿನ ಚಕ್ರ) ಹಿಂದೆ, ಬೂಮ್ (ಮೆಷಿನ್ನಿನ ದೊಡ್ಡ ತೋಳು) ಮುಂದೆ, ಸ್ಲೋ ಸ್ಪೀಡ್, ಆಟೋ ಐಡಲ್ (ಲಿವರ್ ಬಿಟ್ರೆ ಎಂಜಿನ್ ತಾನೇ ಸ್ಲೋ ಆಗೋದು) ಆಫ್, ರ್‍ಯಾಂಪ್ ಮೇಲೆ ಸ್ಟೀರಿಂಗ್ ಮಾಡೋ ಹಂಗೇ ಇಲ್ಲ, ಸೊಟ್ಟ ಅನ್ಸಿದ್ರೆ ಇಳಿದು ಮತ್ತೆ ನೆಟ್ಟಗೆ ಮಾಡ್ಕೊಂಡು ಹತ್ತಬೇಕು. ರ್‍ಯಾಂಪ್ ಮುಗಿದು ಬೆಡ್ ಶುರುವಾಗೋ ಅಂಚಲ್ಲಿ ಒಂದು ಕ್ಷಣ ಬರುತ್ತೆ, ಟ್ರ್ಯಾಕಿನ ಮುಂದಿನ ಅರ್ಧ ಗಾಳೀಲಿ ಎದ್ದಿರುತ್ತೆ, ಇನ್ನೊಂದು ಗೇಣು ಹೋದ್ರೆ ಇಡೀ 20 ಟನ್ ಧಡ್ ಅಂತ ಮುಂದಕ್ಕೆ ಬೀಳುತ್ತೆ. ಅಲ್ಲಿ ಅವರ ಹೆಲ್ಪರ್ ಕೈ ಎತ್ತಿ ನಿಲ್ಸಿದ, ಬಕೆಟ್ ತಳಾನ ಬೆಡ್ ಮೇಲೆ ಮೆಲ್ಲಗೆ ಊರಿಸ್ದ, ಆಮೇಲೆ ಆ ಬಕೆಟ್ ಆಧಾರದ ಮೇಲೆ ಇಂಚಿಂಚು ಮುಂದೆ ಬಿಟ್ಟು ಟ್ರ್ಯಾಕ್ ಕೂರಿಸ್ದ. ಶಬ್ದನೇ ಬರ್ಲಿಲ್ಲ. ಹಿಂದೆ ಬೇರೆ ಒಬ್ಬರ ಗಾಡೀಲಿ ಇದೇ ಜಾಗದಲ್ಲಿ ಮೆಷಿನ್ ಬಿದ್ದ ರಭಸಕ್ಕೆ ಬೆಡ್ಡಿನ ಹಲಗೆ ಎರಡು ಸೀಳಿದ್ದು ನೋಡಿದೀನಿ, ಆ ಆಪರೇಟರ್ ಕ್ಯಾಬಿನ್ ಒಳಗೆ ತಲೆ ಚಚ್ಕೊಂಡಿದ್ದ. ಕೂತ್ಮೇಲೆ ಬಕೆಟ್ ಸ್ವಲ್ಪ ಎತ್ತಿ, ಆರ್ಮ್ ಒಳಗೆ ಎಳ್ಕೊಂಡು, ನಿಧಾನಕ್ಕೆ 180 ಡಿಗ್ರಿ ತಿರುಗ್ಸಿ ಬೂಮ್ ಹಿಂದಕ್ಕೆ ಹಾಕಿ ಮರದ ದಿಮ್ಮಿ ಮೇಲೆ ಇಳಿಸಿದ್ರು, ಸ್ವಿಂಗ್ ಲಾಕ್, ಸೇಫ್ಟಿ ಲಿವರ್, ಬ್ಯಾಟರಿ ಆಫ್.

ಈಗ ಚೈನು. ನನ್ನ ಪ್ರಕಾರ ಈ ಸರ್ವಿಸಿಗೆ ದುಡ್ಡು ಕೊಡೋದೇ ಇದಕ್ಕೆ, ಓಡಿಸೋದು ಆಮೇಲಿನ ಮಾತು. '20 ಟನ್ ಮೆಷಿನ್ ಎಲ್ಲೋಗುತ್ತೆ, ಅದರ ಭಾರಕ್ಕೇ ಕೂತಿರುತ್ತೆ' ಅಂತ ಹೇಳೋ ಡ್ರೈವರ್ ಸಿಕ್ರೆ ಗಾಡಿ ಹತ್ತಿಸ್ಲೇಬೇಡಿ. ಯೂರೋಪಿನ ಇಎನ್ 12195-1 ಅಂತ ಲೋಡ್ ಕಟ್ಟೋ ಸ್ಟ್ಯಾಂಡರ್ಡ್ ಇದೆ, ಅದರ ಪ್ರಕಾರ ಬ್ರೇಕ್ ಹಾಕಿದಾಗ ಲೋಡಿನ ತೂಕದ 80% ಮುಂದಕ್ಕೆ ನುಗ್ಗುತ್ತೆ ಅಂತ ಲೆಕ್ಕ, ಪಕ್ಕಕ್ಕೂ ಹಿಂದಕ್ಕೂ 50%. 21 ಟನ್ನಿಗೆ ಸುಮಾರು 17 ಟನ್ ಮುಂದಕ್ಕೆ. 10 ಎಂಎಂ ಗ್ರೇಡ್ 80 ಚೈನಿನ ಟ್ಯಾಗ್ ಮೇಲೆ 63 ಕಿಲೋನ್ಯೂಟನ್ ಅಂತಿರುತ್ತೆ, ಅಂದ್ರೆ ಆರೂಕಾಲು ಟನ್ ಮೇಲೆ ಸ್ವಲ್ಪ. ನಾಲ್ಕು ಚೈನ್ ಹಾಕಿದೀವಿ, 25 ಟನ್ ಆಯ್ತಲ್ಲ, ಸಾಕಲ್ಲ ಅಂತ ಅನ್ಸುತ್ತೆ, ಆದ್ರೆ ಬ್ರೇಕ್ ಹಾಕಿದಾಗ ಹಿಡಿಯೋದು ನಾಲ್ಕಲ್ಲ, ಹಿಂದಕ್ಕೆ ಎಳೀತಿರೋ ಎರಡೇ, ಅದೂ ಓರೆಯಾಗಿ ಕಟ್ಟಿರೋದ್ರಿಂದ ಪೂರ್ತಿ ಬಲ ಸಿಗಲ್ಲ. ಮಿಕ್ಕಿದ್ದು ಟ್ರ್ಯಾಕ್ ಕೆಳಗಿನ ಹಿಡಿತದಿಂದ ಬರಬೇಕು. ಕಬ್ಬಿಣದ ಮೇಲೆ ಕಬ್ಬಿಣ ಒದ್ದೆ ಇದ್ರೆ ಹಿಡಿತ ಹೆಸರಿಗಷ್ಟೇ. ಇವರು ಟ್ರ್ಯಾಕ್ ಕೂರೋ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸ್ತಾರೆ, ಮುಂದೆ ಅಡ್ಡಕ್ಕೆ ಮರದ ದಿಮ್ಮಿ ಕೊಡ್ತಾರೆ, ಬೆಡ್ ಮೇಲೆ ಮಣ್ಣು ಇದ್ರೆ ಮೊದ್ಲು ಗುಡಿಸ್ತಾರೆ. ಗುಡಿಸೋದು ನೋಡಿ ನನಗೆ ಮೊದಲ ಸಲ ನಗು ಬಂದಿತ್ತು, ಈ ಲೆಕ್ಕ ಗೊತ್ತಾದ್ಮೇಲೆ ಬರಲ್ಲ.

ಹುಕ್ ಹಾಕಿದ್ದು ಟ್ರ್ಯಾಕ್ ಫ್ರೇಮಲ್ಲಿ ಕಂಪನಿಯೋರೇ ಕೊಟ್ಟಿರೋ ತೂತಿಗೆ, ಶೂ ಮೇಲೆ ಸುತ್ತಿಲ್ಲ, ಹೋಸ್ ಪೈಪಿಗೆ ತಗುಲೋ ಹಂಗೆ ಎಳೆದಿಲ್ಲ. ಬೂಮಿಗೆ ಬಕೆಟ್ಟಿಗೆ ಬೇರೆ ಚೈನ್. ಬೈಂಡರ್ (ಚೈನ್ ಬಿಗಿ ಮಾಡೋದು) ಎಲ್ಲಾ ರ್‍ಯಾಚೆಟ್ ಟೈಪು, ಲಿವರ್ ಟೈಪ್ ಆದ್ರೆ ಬಿಚ್ಚೋವಾಗ ಹಿಡಿ ಹಾರಿ ದವಡೆಗೆ ಹೊಡೆಯೋ ಚಾನ್ಸ್ ಇರುತ್ತೆ. ಟೈಟ್ ಮಾಡಿದ್ಮೇಲೆ ಹೆಲ್ಪರ್ ಹುಡುಗ ಒಂದೊಂದು ಚೈನಿಗೂ ಸ್ಪಾನರ್‌ನಲ್ಲಿ ಟಣ್ ಅಂತ ಬಡಿದು ನೋಡ್ದ, ಒಂದು ಚೈನ್ ಸದ್ದು ದಪ್ಪ ಬಂತು, ಏನೂ ಮಾತಾಡ್ದೆ ವಾಪಸ್ ಹೋಗಿ ಎರಡು ಸುತ್ತು ಬಿಗಿ ಮಾಡ್ದ. ಆ ಹುಡುಗನಿಗೇ ಒಂದು ಸ್ಟಾರ್ ಎಕ್ಸ್‌ಟ್ರಾ.

ರೋಡಲ್ಲೂ ಪರವಾಗಿಲ್ಲ. ಹೊರಟ ಸ್ವಲ್ಪ ದೂರಕ್ಕೇ ಸೈಡಿಗೆ ಹಾಕಿ ಚೈನ್ ಮತ್ತೆ ನೋಡಿದ್ರು, ಲೋಡ್ ಕುಲುಕಿ ಕೂತ್ಮೇಲೆ ಚೈನ್ ಸಡಿಲ ಆಗೋದು ಮಾಮೂಲಿ, ನಿಲ್ಸಿ ನೋಡದೇ ಇರೋರೇ ಜಾಸ್ತಿ. ನಿಂತಾಗೆಲ್ಲ ಡ್ರೈವರ್ ಚಕ್ರದ ಹಬ್ ಹತ್ರ ಕೈ ಹಿಂಭಾಗ ಹಿಡಿದು ಬಿಸಿ ನೋಡ್ತಾನೆ, ಲೋಬೆಡ್ಡಿಗೆ ಟೈರ್ ಚಿಕ್ಕವು, ಸಂಖ್ಯೆ ಜಾಸ್ತಿ, ಒಂದು ಬ್ರೇಕ್ ಹಿಡ್ಕೊಂಡ್ರೂ ಗೊತ್ತಾಗಲ್ಲ, ಬೆಂಕಿ ಹತ್ತೋ ತನಕ. ರೈಲ್ವೆ ಗೇಟ್ ಹತ್ರ ಇಳಿದು ನಡ್ಕೊಂಡು ಹೋಗಿ ದಿಬ್ಬ ನೋಡ್ಕೊಂಡು ಬಂದ, ಬೆಡ್ ಹೊಟ್ಟೆ ನೆಲಕ್ಕೆ ತೀರಾ ಹತ್ರ ಇರೋದ್ರಿಂದ ಹಳಿ ಮೇಲೆ ಸಿಕ್ಕಾಕೊಂಡ್ರೆ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಸಸ್ಪೆನ್ಷನ್ ಎತ್ತರ ಮಾಡ್ಕೊಂಡು ಆಮೆ ತರ ದಾಟಿಸ್ದ.

ಈಗ ಬೈಗುಳ. ಇಷ್ಟೆಲ್ಲಾ ಕಾಳಜಿ ಇರೋ ಜನ ಸೈಲೆನ್ಸರ್ ಬಾಯಿ ಮುಚ್ಚೋದು ಮರೀತಾರೆ. ಗಾಡಿ ಓಡ್ತಿರೋವಾಗ ಗಾಳಿ ಸೈಲೆನ್ಸರ್ ಪೈಪಿಗೆ ನುಗ್ಗಿ ಟರ್ಬೋ (ಎಂಜಿನ್ನಿಗೆ ಗಾಳಿ ತಳ್ಳೋ ಫ್ಯಾನು) ತಿರುಗುತ್ತೆ, ಎಂಜಿನ್ ಆಫ್ ಇರೋದ್ರಿಂದ ಆಯಿಲ್ ಪಂಪ್ ನಡೆಯಲ್ಲ, ಬೇರಿಂಗ್ ಒಣಗಿ ಸವೆಯುತ್ತೆ. ಇದು ಹೊಸ ವಿದ್ಯೆ ಏನಲ್ಲ, ಮ್ಯಾನುಯಲ್‌ಗಳಲ್ಲೇ ಇರೋ ಮಾತು. ನಮ್ಮ ಆಪರೇಟರ್ ನೆನಪು ಮಾಡಿ ಟೇಪ್ ಸುತ್ತಿಸ್ದ. ಕ್ಯಾಬಿನ್ ಮೇಲಿನ ಹ್ಯಾಚ್ ಲಾಕ್ ಆಗಿದ್ಯಾ ಅಂತಲೂ ಅವರು ನೋಡ್ಲಿಲ್ಲ, ಅದು ಗಾಳಿಗೆ ಕಿತ್ಕೊಂಡು ಹೋದ್ರೆ ಹಿಂದೆ ಬರೋರ ಗ್ಲಾಸಿಗೇ ಹೋಗಿ ಬೀಳೋದು. ಹತ್ತಿಸಿದ್ಮೇಲೆ ಟೇಪ್ ಹಿಡಿದು ಎತ್ತರ ಅಳೆದಿದ್ದು ಮಾತ್ರ ನಾವು ಕೇಳ್ದೇನೇ ಮಾಡಿದ್ರು.

ಎರಡ್ನೇದು ಆಫೀಸ್‌ನೋರು. ಬೆಳಿಗ್ಗೆ ಬರುತ್ತೆ ಅಂದ ಗಾಡಿ ಮಧ್ಯಾಹ್ನ ಬರುತ್ತೆ, ಅದಕ್ಕೆ ಒಂದು ಫೋನ್ ಇಲ್ಲ, ನಾವ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ 'ಹೊರಟಿದೆ ಸಾರ್'. ಸೈಟಲ್ಲಿ ಆಪರೇಟರ್, ಟಿಪ್ಪರ್‌ಗಳು, ಎಲ್ಲಾ ಸುಮ್ನೆ ನಿಂತಿರ್ತಾವೆ. ನಮ್ಮ ಕಡೆಯಿಂದ ಲೇಟಾದ್ರೆ ಮಾತ್ರ ವೇಟಿಂಗ್ ಚಾರ್ಜ್ ನಿಮಿಷ ಲೆಕ್ಕದಲ್ಲಿ ಬಿಲ್ಲಲ್ಲಿ ಬರುತ್ತೆ. ಓಡಿಸಿ ಲೋಡಿಗೆ ಟೈಮ್ ನಿರ್ಬಂಧ ಇರುತ್ತೆ, ಟ್ರಾಫಿಕ್ ಇರುತ್ತೆ, ಒಪ್ತೀನಿ, ಒಂದು ಮೆಸೇಜ್ ಹಾಕೋಕೆ ಯಾವ ಪರ್ಮಿಟ್ಟೂ ಬೇಡ. ಒಂದ್ಸಲ ಇದೇ ಲೇಟಿಂದ ಕತ್ತಲಾದ್ಮೇಲೆ ಇಳಿಸ್ಬೇಕಾಯ್ತು, ಅವರ ಹತ್ರ ಸರಿಯಾದ ಲೈಟ್ ಇರ್ಲಿಲ್ಲ, ನಮ್ಮ ಟಿಪ್ಪರ್ ಹೆಡ್‌ಲೈಟ್ ಹಾಕಿ ಇಳಿಸಿದ್ವಿ. ಹತ್ತಿಸೋದಕ್ಕಿಂತ ಇಳಿಸೋದು ಅಪಾಯ, ರ್‍ಯಾಂಪ್ ಅಂಚು ಆಪರೇಟರ್‌ಗೆ ಕಾಣಲ್ಲ, ಆ ಹೊತ್ತಲ್ಲಿ ಎಲ್ಲರಿಗೂ ಮನೆಗೆ ಹೋಗೋ ಅವಸರ ಬೇರೆ.

30 ಟನ್ ಮೆಷಿನ್ನಿಗೆ ಇವರು ಕಳಿಸೋದು ಬೇರೆ ಗಾಡಿ, ಆಕ್ಸಲ್ ಜಾಸ್ತಿ, ಹಿಂದಿನ ಆಕ್ಸಲ್ ಹೈಡ್ರಾಲಿಕ್ಕಲ್ಲಿ ತಿರುಗುತ್ತೆ, ಇಕ್ಕಟ್ಟಿನ ತಿರುವಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಆದ್ರೆ ಆ ಗಾಡೀಲಿ ಬೆಡ್ಡಿನ ಹಲಗೆ ಒಂದು ಕಡೆ ಸವೆದು ಬೋಲ್ಟ್ ತಲೆ ಮೇಲೆ ಬಂದಿತ್ತು, ಹೇಳಿದೀವಿ, ಮುಂದಿನ ಸಲ ಬಂದಾಗ ನೋಡ್ಬೇಕು. ಇನ್ನೊಂದು, ಟ್ರಾನ್ಸಿಟ್ ಇನ್ಶೂರೆನ್ಸ್ ನಿಮ್ದಾ ನಮ್ದಾ ಅಂತ ಕೇಳಿದ್ರೆ ಆಫೀಸಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದ್ರು, ಕೊನೆಗೆ ಬರೆದು ಕೊಡಿ ಅಂದ್ಮೇಲೆ ಪಾಲಿಸಿ ಕಾಪಿ ಬಂತು. ಅದು ಕೈಗೆ ಬರೋ ತನಕ ಮೆಷಿನ್ ಕೀ ಕೊಡಬೇಡಿ. ಮುಂದಿನ ಶಿಫ್ಟಿಂಗೂ ಇವರಿಗೇ ಹೇಳಿದೀವಿ, ಸೈಲೆನ್ಸರ್ ಕ್ಯಾಪ್ ಮಾತ್ರ ನಾವೇ ಕ್ಯಾಬಿನ್ನಲ್ಲಿ ಇಟ್ಟಿದೀವಿ.